ತೊಟ್ಟಿಮನೆಯಲ್ಲಿ ಒಲೆ ಹಚ್ಚುವ ಮಾತು

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಕ್ಕೆ ಹೋದರೆ ನನ್ನ ತಾಯಿಯ ತವರೂರು. ಅಲ್ಲಿ ನನ್ನ ಸೋದರಮಾವನ ತೊಟ್ಟಿಮನೆಗೆ ಬೀಗ ಬಿದ್ದು ಆರು ವರ್ಷವಾಯಿತು. ಎರಡಡಿ ದಪ್ಪದ ಮಣ್ಣಿನ ಗೋಡೆ, ನಾಲ್ಕು ಕಲ್ಲುಕಂಬಗಳ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಮೇಲೆ ಮಂಗಳೂರು ಹೆಂಚು. ಮಾವನ ಮಗ ಪಕ್ಕದಲ್ಲೇ ತಾರಸಿ ಮನೆ ಕಟ್ಟಿಕೊಂಡಿದ್ದಾನೆ. ಹಳೆಯ ಮನೆಯ ಸೂರಿನಲ್ಲಿ ಎರಡು ಕಡೆ ಹೆಂಚು ಜಾರಿದೆ. ಮಣ್ಣಿನ ಮನೆ ಬೀಳುವುದು ಮೇಲಿನಿಂದಲೇ. ಹೆಂಚು ಜಾರಿದ ಕಡೆ ಮಳೆನೀರು ಇಳಿಯುತ್ತದೆ, ಗೋಡೆಯ ತಲೆ ನೆನೆಯುತ್ತದೆ, ತೊಲೆ ಕುಸಿಯುತ್ತದೆ. ಒಲೆ ಉರಿಯುವ ಮನೆಯಲ್ಲಿ ಹೊಗೆಯೇ ಸೂರಿನ ಮರವನ್ನು ಹುಳುಗಳಿಂದ ಕಾಯುತ್ತದೆ. ಜನ ಓಡಾಡುವ ಮನೆಯಲ್ಲಿ ಜಾರಿದ ಹೆಂಚನ್ನು ಯಾರಾದರೂ ಆ ದಿನವೇ ಸರಿಪಡಿಸುತ್ತಾರೆ. ಬೀಗ ಬಿದ್ದ ಮೇಲೆ ಎರಡೂ ನಿಂತುಹೋಗುತ್ತವೆ.

ಭಾನುವಾರ ಬೆಳಗಾದರೆ ಇದೇ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳ ಸಾಲು. ನಂದಿಬೆಟ್ಟದ ಸೂರ್ಯೋದಯ ನೋಡಿ ಇಳಿದವರು, ದ್ರಾಕ್ಷಿತೋಟ ನೋಡಿ ವೈನ್ ರುಚಿ ಮಾಡಲು ಬಂದವರು, ಊರಾಚೆ ಕೂತು ನೆಮ್ಮದಿಯಾಗಿ ಉಣ್ಣಬೇಕೆಂದವರು. ಅವರಿಗಾಗಿ ಹೊಸ ಹೋಟೆಲುಗಳು ಎದ್ದಿವೆ. ಕಾಂಕ್ರೀಟ್ ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿದು, ಬಾಗಿಲಲ್ಲಿ ಎತ್ತಿನಗಾಡಿಯ ಗಾಲಿ ನಿಲ್ಲಿಸಿ, ಹಳೆಯ ಮನೆಯ ಹಾಗೆ ಕಾಣುವಂತೆ ಕಟ್ಟಿದ್ದಾರೆ. ಅಲ್ಲಿಂದ ಎರಡು ಕಿಲೋಮೀಟರ್ ಆಚೆ ನಿಜವಾದ ಹಳೆಯ ಮನೆ ನೆನೆದು ಕರಗುತ್ತಿದೆ. ಈ ಎರಡು ದೃಶ್ಯಗಳನ್ನು ಒಟ್ಟಿಗೆ ನೋಡಿದಾಗ ನನಗೆ ಬರುವ ಸಂಕಟವೇ ಈ ಲೇಖನಕ್ಕೆ ಕಾರಣ. ನಂದಿ ಕಣಿವೆಯ ಹಳೆಯ ಮನೆಗಳಲ್ಲಿ ಮತ್ತೆ ಒಲೆ ಹಚ್ಚಿ, ಅಲ್ಲಿಯ ಮನೆಯವರೇ ಬಂದವರಿಗೆ ಊಟ ಹಾಕುವಂತಾಗಬೇಕು; ಆ ಊಟ ಸುತ್ತಲಿನ ಹೊಲ ತೋಟಗಳಿಂದಲೇ ಬರಬೇಕು. ಹಾಗಾಗಬೇಕಾದರೆ ಕಾನೂನು ಒಂದಿಷ್ಟು ಬಾಗಬೇಕು, ಇನ್ನೊಂದು ಕಡೆ ಇನ್ನಷ್ಟು ಬಿಗಿಯಾಗಬೇಕು.

ಈ ಸೀಮೆಯನ್ನು ವೈನ್ ನಾಡು ಎಂದು ಕರೆಯುವುದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದ ಬಳಿ ವೈನ್ ದ್ರಾಕ್ಷಿ ನೆಟ್ಟು, 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಕಂಪನಿ ಕಟ್ಟಿದರು. 1992ರ ಹೊತ್ತಿಗೆ ಅವರ ಮೊದಲ ವೈನ್ ಮಾರುಕಟ್ಟೆಗೆ ಬಂತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬಿದರೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ವೈನಿಗೆ ಎರಡೂ ಬೇಕು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು, ಅದಕ್ಕೆಂದೇ ಮಂಡಳಿ ರಚಿಸಿತು, ನಂದಿ ಕಣಿವೆಯನ್ನು ವೈನ್ ವಲಯವೆಂದು ಗುರುತಿಸಿತು.

ಆದರೆ ಇಲ್ಲಿಯ ದ್ರಾಕ್ಷಿಯ ಕಥೆ ಅದಕ್ಕಿಂತ ಬಹಳ ಹಳೆಯದು. ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿ ಈ ಭಾಗದಲ್ಲಿ ನೂರೈವತ್ತು ವರ್ಷಗಳಷ್ಟು ಹಿಂದಿನಿಂದ ಬೆಳೆಯುತ್ತಿದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆಳೆತ್ತರದ ಕಲ್ಲುಕಂಬ ನಿಲ್ಲಿಸಿ, ಮೇಲೆ ತಂತಿ ಎಳೆದು, ಬಳ್ಳಿ ಹಬ್ಬಿಸಿದ ಚಪ್ಪರ. ಅದರ ಕೆಳಗೆ ಮಧ್ಯಾಹ್ನವೂ ಸಂಜೆಯ ಬೆಳಕು. ಕಂಬದ ಕಲ್ಲು ಇಲ್ಲಿಯದೇ. ದೇವನಹಳ್ಳಿ ತಾಲ್ಲೂಕಿನ ಕೊಯಿರದ ಕಲ್ಲು ವಿಧಾನಸೌಧಕ್ಕೂ ಹೋಗಿದೆ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಎರಡು ಬೆಳೆ ಕೊಡುವ ಬಳ್ಳಿ ಇದು. ಹಣ್ಣಿನ ಸಿಪ್ಪೆ ದಪ್ಪ, ಒಳಗೆ ಬೀಜ, ಬಾಯಿಗಿಟ್ಟರೆ ಸಿಪ್ಪೆಯಿಂದ ತಿರುಳು ಜಾರಿ ಬೇರೆಯಾಗುತ್ತದೆ, ಪರಿಮಳ ಮಾತ್ರ ಮೂಗಿನ ತನಕ ಏರುತ್ತದೆ. ಯುರೋಪಿನ ತಳಿಗೆ ಅಮೆರಿಕದ ಕಾಡುತಳಿ ಬೆರೆತದ್ದರಿಂದ ಬಂದ ಗಂಧ ಅದು. ಬೆಲೆಬಾಳುವ ವೈನುಗಳ ಪಂಡಿತರಿಗೆ ಆ ಗಂಧ ಹಿಡಿಸುವುದಿಲ್ಲ, ಹಾಗಾಗಿ ಬೆಂಗಳೂರು ಬ್ಲೂ ಹೆಚ್ಚಾಗಿ ಹಣ್ಣಿನ ರಸಕ್ಕೆ, ಅಗ್ಗದ ಸಿಹಿ ವೈನಿಗೆ, ರಸ್ತೆ ಬದಿಯ ಬುಟ್ಟಿಗೆ ಹೋಗುತ್ತದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಕೊಳ್ಳುವವರಿಲ್ಲದೆ ನಮ್ಮ ಮಾವನ ತೋಟದ ಹಣ್ಣು ಬಳ್ಳಿಯಲ್ಲೇ ಒಣಗಿತು. ಮುಂದಿನ ವರ್ಷ ಅವರು ಅರ್ಧ ಚಪ್ಪರ ಕಿತ್ತರು. ಕಲ್ಲುಕಂಬಗಳನ್ನು ಕೊಂಡವರು ಬಡಾವಣೆಯೊಂದಕ್ಕೆ ಬೇಲಿ ನಿಲ್ಲಿಸಲು ಒಯ್ದರು.

ಕಳೆದ ಮಾಗಿಯಲ್ಲಿ ಗೆಳೆಯರೊಂದಿಗೆ ಇದೇ ಕಣಿವೆಯ ಒಂದು ಕಡೆ ಊಟಕ್ಕೆ ಹೋಗಿದ್ದೆ. ಜಾಗದ ಹೆಸರು ಬೇಡ. ಎದುರಿಗೆ ದ್ರಾಕ್ಷಿಯ ಸಾಲು, ಅದರಾಚೆ ನಂದಿಯ ಬೆನ್ನು. ಬಡಿಸಿದವರ ಸೌಜನ್ಯಕ್ಕೆ ಕೊರತೆಯಿರಲಿಲ್ಲ. ತಟ್ಟೆಗೆ ಬಂದದ್ದು ಪಾಸ್ತಾ, ಪನೀರ್ ಟಿಕ್ಕಾ, ಬೆಣ್ಣೆ ನಾನ್, ಕೊನೆಗೆ ಬ್ರೌನಿ. ಅದು ಅವರೆಕಾಯಿಯ ಕಾಲ. ಆ ಹೋಟೆಲಿನ ಬೇಲಿಯಾಚೆಯೇ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ ಕಾಯಿ ತುಂಬಿ ನಿಂತಿತ್ತು. ಒಳಗೆ ಅದರ ಒಂದು ಕಾಳೂ ಇರಲಿಲ್ಲ. ರಾಗಿ ಇದೆಯೇ ಎಂದು ಕೇಳಿದ್ದಕ್ಕೆ, ಗಿರಾಕಿಗಳು ಕೇಳುವುದಿಲ್ಲ ಸರ್ ಎಂದರು. ಆ ಹುಡುಗನನ್ನು ದೂರಲಾರೆ. ಕಣಿವೆಯ ನೋಟವನ್ನು ಮಾರಿ, ಕಣಿವೆಯ ಬೆಳೆಯನ್ನು ಹೊರಗಿಡುವ ವ್ಯವಸ್ಥೆಯನ್ನು ಅವನೇನೂ ಕಟ್ಟಿದ್ದಲ್ಲ.

ವೈನ್ ಬಲ್ಲವರು ಫ್ರೆಂಚರಿಂದ ಪಡೆದ ಒಂದು ಮಾತನ್ನು ಮತ್ತೆ ಮತ್ತೆ ಆಡುತ್ತಾರೆ, ಟೆರ್ವಾರ್ ಎಂದು. ಮಣ್ಣು, ಇಳಿಜಾರು, ಗಾಳಿ, ಮಳೆ, ಬೆಳೆಯುವವನ ಕೈ ಎಲ್ಲ ಸೇರಿ ಹಣ್ಣಿಗೆ ಕೊಡುವ ಗುಣ. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಅವರೆಯ ಸೊಗಡು ನೆನಪಾಗುತ್ತದೆ. ಇಬ್ಬನಿ ಬೀಳುವ ಮಾರ್ಗಶಿರ ಪುಷ್ಯಗಳಲ್ಲಿ ಅವರೆಕಾಯಿಯ ಸಿಪ್ಪೆಯ ಮೇಲೆ ಅಂಟಂಟು ಎಣ್ಣೆ ಕೂರುತ್ತದೆ. ಬಿಡಿಸಿದ ಕೈಯನ್ನು ಎಷ್ಟು ತೊಳೆದರೂ ಗಂಧ ಹೋಗದು. ಅದೇ ಸೊಗಡು. ಚಳಿ ಕಡಿಮೆಯಾದ ವರ್ಷ ಸೊಗಡೂ ಕಡಿಮೆ. ಸಂತೆಯಲ್ಲಿ ಹೆಂಗಸರು ಕಾಯನ್ನು ಮೂಸಿ ನೋಡಿ ಕೊಳ್ಳುತ್ತಾರೆ, ಸೊಗಡಿಲ್ಲದ ಕಾಯಿಯ ಬೆಲೆ ಅಲ್ಲೇ ಬೀಳುತ್ತದೆ. ವೈನ್ ಲೋಟವನ್ನು ಮೂಗಿನ ಬಳಿ ಹಿಡಿದು ಮಾಡುವ ಪರೀಕ್ಷೆಯನ್ನು ನಮ್ಮ ಅಜ್ಜಿಯರು ದೊಡ್ಡಬಳ್ಳಾಪುರದ ಸಂತೆಯಲ್ಲಿ ನಿಂತು ಮಾಡುತ್ತಿದ್ದರು. ನೆಲದ ಗುಣ ರುಚಿಗಿಳಿಯುತ್ತದೆ ಎಂಬ ತಿಳಿವಳಿಕೆಗೆ ನಮ್ಮಲ್ಲೇ ಒಂದು ಪದವಿದ್ದು, ಆ ಪದದ ಹಿಂದೆ ಒಂದು ಜನಜೀವನವೇ ಇದ್ದು, ವೈನ್ ನಾಡಿನ ಊಟದಲ್ಲಿ ಮಾತ್ರ ಅದಕ್ಕೆ ಎಲೆ ಹಾಕದಿರುವುದು ನನಗೆ ಸರಿಕಾಣುವುದಿಲ್ಲ.

ಹಳೆಯ ಮನೆಯಲ್ಲಿ ಊಟದ ಮನೆ ತೆರೆದರೆ ಏನಾದೀತು ಎಂಬುದಕ್ಕೆ ಎಲ್ಲರೂ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಉದಾಹರಣೆ ಕೊಡುತ್ತಾರೆ. ಯೌಂಟ್‌ವಿಲ್ ಎಂಬ ಪುಟ್ಟ ಊರಿನಲ್ಲಿ 1900ರ ಸುಮಾರಿಗೆ ಕಟ್ಟಿದ ಕಲ್ಲು ಮತ್ತು ಮರದ ಕಟ್ಟಡವೊಂದಿದೆ. ಮೊದಲು ಹೆಂಡದಂಗಡಿಯಾಗಿತ್ತು, ಆಮೇಲೆ ಬಟ್ಟೆ ಒಗೆಯುವ ಮನೆಯಾಯಿತು. 1978ರಲ್ಲಿ ಡಾನ್ ಮತ್ತು ಸ್ಯಾಲಿ ಶ್ಮಿಟ್ ದಂಪತಿ ಅಲ್ಲಿ ಊಟದ ಮನೆ ತೆರೆದರು, 1994ರಲ್ಲಿ ಥಾಮಸ್ ಕೆಲ್ಲರ್ ಅದನ್ನು ಕೊಂಡರು. ಫ್ರೆಂಚ್ ಲಾಂಡ್ರಿ ಎಂಬ ಹಳೆಯ ಹೆಸರಿನಲ್ಲೇ ಅದು ಜಗತ್ಪ್ರಸಿದ್ಧವಾಯಿತು. ಬೇಕಾದ ಸೊಪ್ಪು ತರಕಾರಿಯ ಒಂದು ಪಾಲು ರಸ್ತೆಯಾಚೆಯ ಅದರದೇ ತೋಟದಿಂದ ಬರುತ್ತದೆ. ನಮ್ಮ ಪ್ರವಾಸೋದ್ಯಮದ ಭಾಷಣಗಳಲ್ಲಿ ಕೇಳಿಬರುವ ನಾಪಾ ಇಷ್ಟೇ.

ಅದರ ಹಿಂದಿನ ಕಥೆಯನ್ನು ಯಾರೂ ಹೇಳುವುದಿಲ್ಲ. ಆ ಊಟದ ಮನೆ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು, 1968ರಲ್ಲಿ, ನಾಪಾ ಕೌಂಟಿ ತನ್ನ ಕಣಿವೆಯನ್ನು ಕೃಷಿ ಮೀಸಲು ಪ್ರದೇಶವೆಂದು ಘೋಷಿಸಿತು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ನಗರಗಳು ಬೆಳೆದು ಬೆಳೆದು ಕಣಿವೆಯನ್ನು ನುಂಗುವ ಭಯವಿದ್ದ ಕಾಲ ಅದು. 20 ಎಕರೆಗಿಂತ ಚಿಕ್ಕದಾಗಿ ಜಮೀನು ತುಂಡು ಮಾಡುವಂತಿಲ್ಲ ಎಂದರು, ಮುಂದೆ ಆ ಮಿತಿಯನ್ನು ಇನ್ನೂ ಏರಿಸಿದರು. ಅಮೆರಿಕದಲ್ಲಿ ಅಂಥ ಮೀಸಲು ಅದೇ ಮೊದಲು, ಜಮೀನು ಮಾಲೀಕರಿಂದ ವಿರೋಧವೂ ಜೋರಾಗಿಯೇ ಇತ್ತು. 1990ರಲ್ಲಿ, ಹೊಸ ವೈನರಿಗಳು ಬಳಸುವ ದ್ರಾಕ್ಷಿಯಲ್ಲಿ ಶೇಕಡ 75ರಷ್ಟು ಆ ಕೌಂಟಿಯದೇ ಆಗಿರಬೇಕು ಎಂಬ ನಿಯಮ ಬಂತು. ಹಳೆಯ ಕಲ್ಲುಕಟ್ಟಡದ ಕಿಟಕಿಯಾಚೆ ಇಂದಿಗೂ ದ್ರಾಕ್ಷಿ ಕಾಣುತ್ತಿದ್ದರೆ ಅದಕ್ಕೆ ಅಡುಗೆಯವನ ಕೈಗುಣಕ್ಕಿಂತ ಈ ಕಾನೂನುಗಳ ಋಣವೇ ದೊಡ್ಡದು.

ನಮ್ಮಲ್ಲಿ ಏನು ನಡೆಯಿತು? 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು ತೆಗೆದುಹಾಕಿದರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಕ್ಕೆ ಗುರುತಿಸಿದಾಗ ಅಲ್ಲಿಯ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ದ್ರಾಕ್ಷಿ, ರಾಗಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ಜನ ಅವರು. 1,198 ದಿನ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನವನ್ನು ಕೈಬಿಡುವುದಾಗಿ ಹೇಳಿದರು. ಬೆಂಗಳೂರಿನ ತಟ್ಟೆಗೆ ಹತ್ತಿರದ ಹೊಲದಿಂದ ಏನಾದರೂ ಬರುತ್ತಿದ್ದರೆ ಅದರಲ್ಲಿ ಆ ಧರಣಿಯ ಪಾಲಿದೆ. ಅದೇ ಜುಲೈ ತಿಂಗಳ 2ರಂದು ನಂದಿಬೆಟ್ಟದ ಮೇಲೆ ನಡೆದ ಸಚಿವ ಸಂಪುಟ ಸಭೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತ್ತು. ಹೆಸರು ಬದಲಾದರೆ ಜಮೀನಿನ ಬೆಲೆ ಏರುತ್ತದೆ ಎಂದು ಊರಲ್ಲಿ ಸಂತೋಷಪಟ್ಟವರೂ ಇದ್ದರು. ನನಗೆ ಮಾತ್ರ ಗ್ರಾಮ ಎಂಬ ಮಾತು ಬಿಟ್ಟುಹೋದದ್ದು ನೋಯಿಸಿತು.

ಹಾಗಾಗಿ ನನ್ನ ವಾದದಲ್ಲಿ ಮನೆಗಿಂತ ಹೊಲ ಮುಂದೆ ಬರುತ್ತದೆ. ನಂದಿಯ ಸುತ್ತಲಿನ ದ್ರಾಕ್ಷಿ, ರಾಗಿ, ಅವರೆ ಬೆಳೆಯುವ ಇಷ್ಟು ನೆಲ ಕೃಷಿಗೇ ಮೀಸಲು ಎಂದು ಗೆರೆ ಎಳೆಯಬೇಕು. ಆ ಗೆರೆಯೊಳಗೆ ಉಳಿಯಲು ಒಪ್ಪಿದ ರೈತನಿಗೆ ಜಮೀನು ಮಾರದೆಯೂ ಬದುಕುವ ದಾರಿ ಬೇಕು. ಚಪ್ಪರದ ಕೆಳಗೆ ಹಾಕುವ ಊಟ ಅಂಥ ಒಂದು ದಾರಿ.

ಇದಕ್ಕೆ ನಾಪಾಕ್ಕಿಂತ ಒಪ್ಪುವ ಮಾದರಿ ವಿಯೆನ್ನಾದ್ದು. 1784ರ ಆಗಸ್ಟ್ 17ರಂದು ಚಕ್ರವರ್ತಿ ಎರಡನೆಯ ಜೋಸೆಫ್ ಒಂದು ಆಜ್ಞೆ ಹೊರಡಿಸಿದ: ಯಾರು ಬೇಕಾದರೂ ತಾವೇ ಬೆಳೆದು ತಯಾರಿಸಿದ ತಿನಿಸು ಮತ್ತು ವೈನನ್ನು ತಮ್ಮ ಮನೆಯಲ್ಲೇ ಮಾರಬಹುದು. ಬೆಳೆಗಾರರು ಬಾಗಿಲಿಗೆ ಹಸಿರು ಕೊಂಬೆ ಕಟ್ಟಿದರೆ ಇಂದು ವೈನ್ ಇದೆ, ಬನ್ನಿ ಎಂದರ್ಥ. ಕೊಂಬೆ ಇಳಿದರೆ ವೈನ್ ಮುಗಿಯಿತು. ಹೊಯ್ರಿಗರ್ ಎಂದು ಕರೆಯುವ ಈ ಮನೆಗಳು ಇನ್ನೂರ ನಲವತ್ತು ವರ್ಷ ದಾಟಿ ಇಂದಿಗೂ ನಡೆಯುತ್ತಿವೆ. ಹೊರಗಿನ ವೈನ್ ತಂದು ಮಾರುವಂತಿಲ್ಲ ಎಂಬುದೇ ಅದರ ಜೀವ. ದುಡ್ಡಿದ್ದವರು ಊರೂರಿನ ಸರಕು ತಂದು ಸುರಿಯುವ ಹಾಗಿದ್ದರೆ ಚಿಕ್ಕ ಬೆಳೆಗಾರ ಎಂದೋ ಅಂಗಡಿ ಮುಚ್ಚುತ್ತಿದ್ದ. ಆ ಒಂದು ಆಜ್ಞೆ ಮನೆ, ಹೊಲ, ಬೆಳೆಗಾರ ಮೂರನ್ನೂ ಒಂದೇ ದಾರದಲ್ಲಿ ಕಟ್ಟಿತು. ನಮ್ಮಲ್ಲಿ ಹಳ್ಳಿಮನೆಯಲ್ಲಿ ಇಪ್ಪತ್ತು ಜನಕ್ಕೆ ಮುದ್ದೆ ಸಾರು ಬಡಿಸಬೇಕಾದರೆ ಜಮೀನಿನ ಪರಿವರ್ತನೆ, ಪಂಚಾಯಿತಿಯ ಲೈಸೆನ್ಸ್, ಆಹಾರ ಸುರಕ್ಷತೆಯ ನೋಂದಣಿ ಎಂದು ಊರೂರು ಅಲೆಯಬೇಕು. ನಕ್ಷೆ ಹಾಕಿಸಿ ದೊಡ್ಡ ರೆಸಾರ್ಟ್ ಕಟ್ಟುವವರಿಗೆ ಈ ಕಾಗದಗಳೇನೂ ಕಷ್ಟವಲ್ಲ, ಅದನ್ನು ಓಡಾಡಿ ಮಾಡಿಸುವವರೇ ಅವರಲ್ಲಿರುತ್ತಾರೆ. ಕಷ್ಟವೆಲ್ಲ ನಮ್ಮತ್ತೆಯಂಥವರಿಗೆ.

ಇಲ್ಲಿ ಎರಡು ಆಕ್ಷೇಪಗಳಿವೆ. ಎರಡೂ ಗಂಭೀರವಾದವು.

ಮೊದಲನೆಯದು ಕುಡಿತದ್ದು. 1927ರ ಬೇಸಿಗೆಯಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ತಂಗಿದ್ದದ್ದು ಇದೇ ನಂದಿಬೆಟ್ಟದಲ್ಲಿ. ಪಾನನಿಷೇಧದ ಕಡೆಗೆ ಸರ್ಕಾರ ನಡೆಯಬೇಕು ಎಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಈ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ದಿನಗೂಲಿಯೆಲ್ಲ ಸಂಜೆಯ ಅಂಗಡಿಗೆ ಹೋಗುವುದನ್ನು ನಾನೂ ಕಂಡಿದ್ದೇನೆ. ಊರಿನೊಳಗೆ ಮದ್ಯದಂಗಡಿ ಬೇಡವೆಂದು ಹೆಂಗಸರು ರಸ್ತೆಗಿಳಿದರೆ ನಾನು ಅವರ ಪಕ್ಕ ನಿಲ್ಲುವವನು. ಆದ್ದರಿಂದ ನನ್ನ ಮಾತು ಇಷ್ಟೇ: ಈ ಊಟದ ಮನೆಗಳು ವೈನಿನ ಮೇಲೆ ನಿಲ್ಲಬೇಕಾಗಿಲ್ಲ. ಅಲ್ಲಿಯ ದ್ರಾಕ್ಷಿ ಅಲ್ಲೇ ಹಿಂಡಿದ ರಸವಾಗಿ ಲೋಟಕ್ಕೆ ಬರಬಹುದು. ಬೆಂಗಳೂರು ಬ್ಲೂ ರಸದ ಬಣ್ಣಕ್ಕೂ ಗಂಧಕ್ಕೂ ಸಾಟಿಯಾದದ್ದು ಇನ್ನೊಂದಿಲ್ಲ, ವೈನ್ ಪಂಡಿತರು ದೋಷವೆನ್ನುವ ಗಂಧ ರಸದಲ್ಲಿ ಗುಣವಾಗುತ್ತದೆ. ವೈನ್ ಕುಡಿಯುವವರಿಗೆ ಪಕ್ಕದ ವೈನರಿಗಳಿವೆ, ಅವುಗಳಿಗೆ ನಿಯಮಗಳೂ ಇವೆ. ತೊಟ್ಟಿಮನೆಯ ಪಂಕ್ತಿಯಲ್ಲಿ ಅಜ್ಜಿಯೂ ಮಗುವೂ ಕೂತು ಉಣ್ಣುವಂತಿರಬೇಕು ಎನ್ನುವವನು ನಾನು.

ಎರಡನೆಯ ಆಕ್ಷೇಪ ನನ್ನ ಮನೆಯೊಳಗಿನದು, ಹೇಳಲು ಕಷ್ಟವಾಗುವಂಥದು. ಹಳೆಯ ಮನೆ ಎಂದು ನಾವು ಹಂಬಲಿಸುವುದು ಯಾರ ನೆನಪನ್ನು? ನಮ್ಮ ಮಾವನ ಮನೆಯ ಚಪ್ಪರಕ್ಕೆ ಗುಂಡಿ ತೋಡಿದವರು, ಬಳ್ಳಿ ಸವರಿದವರು, ಬಾವಿ ತೆಗೆದವರು ಆ ಮನೆಯ ಹೊಸಿಲು ದಾಟಿ ಉಂಡದ್ದನ್ನು ನಾನು ನೋಡಿಲ್ಲ. ಅವರ ಊಟ ಹಿತ್ತಿಲಲ್ಲಿ, ನೀರು ಮೇಲಿನಿಂದ ಬೊಗಸೆಗೆ. ಚಿಕ್ಕವನಾಗಿದ್ದ ನಾನೇ ಚೊಂಬು ಹಿಡಿದು ಹಾಗೆ ಎರೆದಿದ್ದೇನೆ. ಕಲ್ಲುಕಂಬದ ನಯವನ್ನು, ತೊಟ್ಟಿಯ ಬೆಳಕನ್ನು ಹೊಗಳುವ ಪರಂಪರೆಯ ಬರಹಗಳು ಈ ಚೊಂಬಿನ ಮಾತಾಡುವುದಿಲ್ಲ. ಅದನ್ನು ಮುಚ್ಚಿಟ್ಟು, ಪೇಟೆಯವರಿಗೆ ಹಳ್ಳಿಯ ಸೊಗಸು ಎಂದು ಆ ಮನೆಯನ್ನು ತೋರಿಸುವುದಾದರೆ ಅದು ಕುಸಿದುಹೋಗಲಿ ಎಂದೇ ಹೇಳುತ್ತೇನೆ.

ಆದರೆ ಯೋಚಿಸಿದಷ್ಟೂ ನನಗೆ ಇನ್ನೊಂದು ಕಡೆ ಕಾಣುತ್ತದೆ. ಕನ್ನಡನಾಡಿನಲ್ಲಿ ಹೋಟೆಲು ಬರೀ ಹೊಟ್ಟೆ ತುಂಬುವ ಜಾಗವಾಗಿರಲಿಲ್ಲ. ಮೊದಮೊದಲು ಅಲ್ಲಿಯೂ ಬ್ರಾಹ್ಮಣರಿಗೆ ಬೇರೆ ಕೋಣೆ ಇತ್ತು, ದಲಿತರಿಗೆ ಹೊರಗೆ ಬೇರೆ ಲೋಟ ಇಟ್ಟ ಊರುಗಳಿದ್ದವು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, 1955ರ ಕಾಯ್ದೆ ಹೋಟೆಲಿನ ಬಾಗಿಲಲ್ಲಿ ತಡೆಯುವುದನ್ನು ಅಪರಾಧವಾಗಿಸಿತು. ಖಾಸಗಿ ಮನೆಯ ಪಡಸಾಲೆಗೆ ಆ ಕಾನೂನು ಹೆಜ್ಜೆ ಇಡಲಾರದು, ಊಟದ ಮನೆಯಾದ ಪಡಸಾಲೆಗೆ ಇಡಬಲ್ಲದು. ಬೀಗ ಹಾಕಿದ ತೊಟ್ಟಿಮನೆ ತನ್ನ ಹಳೆಯ ಹೊಸಿಲಿನೊಂದಿಗೇ ಸಾಯುತ್ತದೆ. ಒಲೆ ಹಚ್ಚಿ ಬಾಗಿಲು ತೆರೆದರೆ ಆ ಹೊಸಿಲನ್ನು ಎಲ್ಲರೂ ದಾಟುತ್ತಾರೆ. ಅಡುಗೆಮನೆಯಲ್ಲಿ ಯಾರು ನಿಲ್ಲುತ್ತಾರೆ, ಲಾಭದಲ್ಲಿ ಯಾರಿಗೆ ಪಾಲು ಎಂಬ ಪ್ರಶ್ನೆಗಳನ್ನೂ ಆಗಲೇ ಇತ್ಯರ್ಥ ಮಾಡಬೇಕು. ಊರಿನ ಎಲ್ಲ ಕೇರಿಯ ಹೆಂಗಸರೂ ಇರುವ ಸ್ತ್ರೀಶಕ್ತಿ ಸಂಘಗಳಿಗೆ ಇಂಥ ಮನೆಗಳನ್ನು ಗುತ್ತಿಗೆಗೆ ಕೊಡುವುದಾದರೆ ಮಾತ್ರ ಸರ್ಕಾರ ಸಹಾಯಧನ ಕೊಡಲಿ. ಈ ಷರತ್ತನ್ನು ನಾನು ಬಿಡಲಾರೆ.

ದುಡ್ಡಿನ ಮಾತನ್ನೂ ಆಡಬೇಕು. ಪಾರಂಪರಿಕ ಎಂಬ ಹಣೆಪಟ್ಟಿ ಬಿದ್ದೊಡನೆ ಊಟದ ಬೆಲೆ ಸಾವಿರ ದಾಟುವುದನ್ನು ನೋಡುತ್ತಿದ್ದೇವೆ. ಇದೇ ಜಿಲ್ಲೆಯ ಹೊಸಕೋಟೆಯಲ್ಲಿ ಭಾನುವಾರ ನಸುಕಿನ ನಾಲ್ಕು ಗಂಟೆಗೆ ದಮ್ ಬಿರಿಯಾನಿಗೆ ಸಾಲು ನಿಲ್ಲುತ್ತದೆ. ಸಾಫ್ಟ್‌ವೇರ್ ಹುಡುಗರು, ರಾತ್ರಿ ಪಾಳಿ ಮುಗಿಸಿದ ಡ್ರೈವರುಗಳು, ಸಂಸಾರಸ್ಥರು ಒಂದೇ ಸಾಲಿನಲ್ಲಿ. ಅಲ್ಲಿ ಅಲಂಕಾರವೂ ಇಲ್ಲ, ಎದುರಿಗೆ ಬೆಟ್ಟದ ನೋಟವೂ ಇಲ್ಲ. ಸೌದೆ ಒಲೆ, ದೊಡ್ಡ ಹಂಡೆ, ತಲೆಮಾರಿನ ಹದ. ಅಷ್ಟಕ್ಕೇ ಬೆಂಗಳೂರು ನಿದ್ದೆಗೆಟ್ಟು ಬರುತ್ತದೆ. ಗಿರಾಕಿಗಳು ಕೇಳುವುದಿಲ್ಲ ಎಂಬ ಮಾತಿಗೆ ಹೊಸಕೋಟೆಯ ಸಾಲೇ ಉತ್ತರ. ಹದವಾಗಿ ಮಾಡಿದ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ, ಕೀರೆ ಸೊಪ್ಪಿನ ಮಸ್ಸೊಪ್ಪು, ಬೇಕಾದವರಿಗೆ ನಾಟಿಕೋಳಿ ಸಾರು, ಕೊನೆಗೆ ದೇವನಹಳ್ಳಿ ಚಕ್ಕೋತದ ನಾಲ್ಕು ತೊಳೆ. ಚಕ್ಕೋತಕ್ಕೂ ಭೌಗೋಳಿಕ ಸೂಚಕ ಸಿಕ್ಕಿದೆ, ಮರಗಳು ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತಿವೆ. ಇಂಥ ಊಟಕ್ಕೆ ಇನ್ನೂರು, ಇನ್ನೂರೈವತ್ತು ರೂಪಾಯಿ ಇಟ್ಟರೂ ಬೆಳೆದವನಿಗೆ ಮಂಡಿಯ ಬೆಲೆಗಿಂತ ಹೆಚ್ಚು ಉಳಿಯುತ್ತದೆ. ನಡುವಿನವರು ಇಲ್ಲವಲ್ಲ.

ನೀರಿನ ವಿಷಯದಲ್ಲಿ ಅಂಜಿಕೆಯಿದೆ, ಅದನ್ನೂ ಬಚ್ಚಿಡುವುದಿಲ್ಲ. ನಂದಿಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿ ಹೆಸರಘಟ್ಟಕ್ಕೆ ಇಳಿಯುತ್ತಿದ್ದಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಂಗಳೂರಿಗೆ ಕೊಳವೆಯಲ್ಲಿ ಹೋದದ್ದು ಆ ನೀರೇ. ಈಗ ಹೊಳೆ ಬತ್ತಿದೆ, ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಕೈಕೊಡುತ್ತದೆ. ಈಜುಕೊಳ, ಹುಲ್ಲುಹಾಸು ಇರುವ ರೆಸಾರ್ಟುಗಳನ್ನು ಈ ನೆಲ ತಾಳಲಾರದು. ಮಳೆಗೆ ಬೆಳೆಯುವ ರಾಗಿ, ಅವರೆ, ಹುರುಳಿಯ ಊಟವನ್ನು ತಾಳಬಲ್ಲದು. ಹಳೆಯ ಮನೆಯ ತೊಟ್ಟಿಯಂತೂ ಮಳೆನೀರು ಹಿಡಿಯಲೆಂದೇ ಕಟ್ಟಿದಂತಿದೆ, ನಾಲ್ಕು ಸೂರಿನ ನೀರೂ ಅಲ್ಲಿಗೇ ಬರುತ್ತದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಇದನ್ನೆಲ್ಲ ಮಾವನ ಮಗನ ಮುಂದೆ ಹೇಳಿದೆ. ವಿಯೆನ್ನಾದ ಕೊಂಬೆಯ ಕಥೆಯನ್ನೂ ಹೇಳಿದೆ. ಅತ್ತೆ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು, ಮಾತಿನ ನಡುವೆಯೇ ಎದ್ದು ಒಳಗೆ ಹೋಗಿ ಹಳೆಯ ಮನೆಯ ಬೀಗದ ಕೈ ತಂದು ನನ್ನ ಪಕ್ಕ ಇಟ್ಟರು. ಅವನು ಮಾತ್ರ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಮ್ಮ ಒಲೆ ಹಚ್ತಾಳೆ ಭಾವ, ಹೆಂಚು ನಾನು ಹೊದಿಸ್ತೀನಿ. ಅರ್ಜಿ ಯಾವ ಆಫೀಸಿಗೆ ಕೊಡಬೇಕು, ಅಷ್ಟು ಹೇಳಿ" ಎಂದ.